ಚಾರ್ಟಿನಲ್ಲಿಲ್ಲದ ಸೋಮವಾರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಸಿಟ್ಟಿಗಿಂತ ಒಂದು ಗೇಣು ಮುಂದೆ ನನ್ನ ಜಂಭವಿರುತ್ತಿತ್ತು. ಬಳ್ಳಾರಿಯಲ್ಲಿ ಸಿವಿಲ್ ಡಿಪ್ಲೊಮಾದ ಕೊನೆಯ ವರ್ಷ ಓದುತ್ತಿದ್ದೆ. ತರಗತಿಯಲ್ಲಿ ನಲವತ್ತೊಂದು ಹುಡುಗರು, ನಾನೊಬ್ಬಳೇ ಹುಡುಗಿ. ಮೊದಲನೆಯ ನಂಬರೂ ನನ್ನದೇ. ತಲೆ ತಿರುಗಲು ಇನ್ನೇನು ಬೇಕು?

ಆ ವರ್ಷ ಆರು ವಾರ ಹೊರಗೆ ಎಲ್ಲಾದರೂ ತರಬೇತಿ ಮಾಡಿ ಬರಬೇಕೆಂಬ ನಿಯಮವಿತ್ತು. ಹುಡುಗರಿಗೆಲ್ಲ ಗುತ್ತಿಗೆದಾರರು ಸಿಕ್ಕರು. ನನಗೆ ಮಾತ್ರ ಬಿಸಿಲು ಜಾಸ್ತಿ, ಏಣಿ ಎತ್ತರ, ಕೂಲಿಯವರ ಬಾಯಿ ಒರಟು ಎಂಬ ಕಾರಣಗಳು ಸಿಕ್ಕವು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆ ಕೊನೆಗೆ ನನ್ನನ್ನು ವಾಸುದೇವರಾಯರ ಹತ್ತಿರ ಕರೆದುಕೊಂಡು ಹೋದರು. ರಾಯರು ಸರಕಾರಿ ಇಂಜಿನಿಯರಾಗಿ ನಿವೃತ್ತರಾದ ಮೇಲೆ ಕೌಲ್ ಬಜಾರಿನ ಹೊಲಿಗೆ ಮಷೀನು ರಿಪೇರಿ ಅಂಗಡಿಯ ಮಹಡಿಯಲ್ಲಿ ಕಟ್ಟಡ ಸಲಹೆಗಾರರ ಆಫೀಸು ಇಟ್ಟಿದ್ದರು. ಅವರು ತಾವು ಕಟ್ಟುವವರಲ್ಲ. ಯಾವ ಕೆಲಸ ಯಾವತ್ತು ಆಗಬೇಕು, ಯಾರು ಏನು ತರಬೇಕು, ತಂದದ್ದು ಸರಿಯಿದೆಯೋ ಇಲ್ಲವೋ ಎಂದು ನೋಡಿ, ಕಟ್ಟಿಸುವವರ ಪರವಾಗಿ ನಿಂತು ಕೆಲಸ ನಡೆಸಿಕೊಡುವವರು. ಇಂಥದೂ ಒಂದು ಕಸುಬು ಎಂದು ಆಗ ಊರಿನಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

"ಕಟ್ಟಾವ ಒಬ್ಬ, ಕಟ್ಟಸಾವ ಒಬ್ಬ. ನಡುವ ನಿಂತು ಇಬ್ಬರ ಕಡಿಂದಾನೂ ಬೈಸಿಕೊಳ್ಳೋದು ನನ್ನ ಕೆಲಸ," ಎಂದರು ರಾಯರು. "ನಿನಗ ಬೈಸಿಕೊಳ್ಳಲಿಕ್ಕೆ ಬರ್ತದೇನು?"

ಬೈಯಲಿಕ್ಕೆ ಚೆನ್ನಾಗಿ ಬರುತ್ತದೆ ಎಂದೆ. ನಮ್ಮ ತಂದೆ ಮುಖ ಕೆಳಗೆ ಹಾಕಿದರು. ರಾಯರು ಮಾತ್ರ ನಕ್ಕು ಸೇರಿಸಿಕೊಂಡರು.

ನನಗೆ ಸಿಕ್ಕ ಕೆಲಸ ಸಿರುಗುಪ್ಪದ ದೊಡ್ಡಬಸಪ್ಪನವರ ಅಕ್ಕಿ ಗಿರಣಿಯದು. ಹೋದ ಬೇಸಿಗೆಯ ಗಾಳಿಗೆ ಅವರ ಹಳೆಯ ಗೋದಾಮಿನ ತಗಡು ಹಾರಿ ಪಕ್ಕದವರ ಗದ್ದೆಯಲ್ಲಿ ಬಿದ್ದಿತ್ತು. ಅದಕ್ಕೇ ಹೊಸ ಗೋದಾಮಿಗೆ ಕಾಂಕ್ರೀಟಿನ ತಾರಸಿಯೇ ಆಗಬೇಕೆಂದು ಹಟ ಹಿಡಿದಿದ್ದರು. ಗೋಡೆ ಆಗಲೇ ತಲೆಮಟ್ಟ ಎದ್ದಿತ್ತು. ಹೊಸ ಭತ್ತ ಬರಲು ಉಳಿದಿದ್ದದ್ದು ಸರಿಯಾಗಿ ಆರು ವಾರ. ಅಷ್ಟರೊಳಗೆ ತಾರಸಿ ಹಾಕಿ, ಅದು ಬಲಿತು, ಕೆಳಗಿನ ಆನಿಕೆಗಳನ್ನು ತೆಗೆದು, ಗೋದಾಮು ಖಾಲಿ ಮಾಡಿಕೊಡಬೇಕು. ಇದಕ್ಕೆಲ್ಲ ದಿನ ದಿನದ ಚಾರ್ಟು ಬರೆಯುವುದು ನನ್ನ ಪಾಲಿಗೆ ಬಂತು.

ಚಾರ್ಟು ಬರೆಯುವುದೆಂದರೆ ನನಗೆ ಹಬ್ಬ. ದೊಡ್ಡ ಹಾಳೆಯ ಎಡಗಡೆ ಕೆಲಸಗಳ ಹೆಸರು, ಮೇಲೆ ಒಂದರಿಂದ ನಲವತ್ತೆರಡರವರೆಗೆ ದಿನಗಳ ಅಂಕಿ, ನಡುವೆ ಪ್ರತಿ ಕೆಲಸಕ್ಕೂ ಒಂದೊಂದು ಕಪ್ಪು ಗೆರೆ. ಇಪ್ಪತ್ತಮೂರನೆಯ ದಿನಕ್ಕೆ ತಾರಸಿ. ಅದಕ್ಕೆ ಬೇಕಾದ ಮರಳು, ನೀರು ಎರಡೂ ಅವತ್ತೇ ಬೆಳಗ್ಗೆ ಎತ್ತಿನ ಗಾಡಿಯಲ್ಲಿ ಬರಬೇಕು, ಬಂದ ಹಾಗೆ ಖರ್ಚಾಗಬೇಕು. ಮುಂಚೆಯೇ ತಂದು ರಾಶಿ ಹಾಕಿ ಅಂಗಳ ಕಟ್ಟಿಹಾಕುವುದು ದಡ್ಡರ ಕೆಲಸ ಎಂದು ಪುಸ್ತಕದಲ್ಲಿತ್ತು. ಗಿರಣಿಯ ಬಾವಿಯ ನೀರು ಸವುಳಾದ್ದರಿಂದ ಕಾಲುವೆಯ ನೀರೇ ಆಗಬೇಕೆಂದೂ ಬರೆದೆ. ಕಾಂಕ್ರೀಟು ಕಲಸುವ ಮಿಕ್ಸರ್ ಮಷೀನು ಬಳ್ಳಾರಿಯಿಂದ ಬಾಡಿಗೆಗೆ ಬರಬೇಕಿತ್ತು. ಅದಕ್ಕೆ ಜನ ತಿಂಗಳು ತಿಂಗಳು ಕಾಯುತ್ತಾರೆಂದು ಕೇಳಿದ್ದೆ. ನಾನು ಹೋಗಿ ಇಪ್ಪತ್ತಮೂರನೆಯ ದಿನದ ತಾರೀಖು ಹೇಳಿದ ಕೂಡಲೇ ಆ ದಿನ ಖಾಲಿಯಿದೆ ಎಂದು ಬರೆದುಕೊಂಡರು. ನನ್ನ ಮಾತಿನ ಜೋರಿಗೇ ಸಿಕ್ಕಿತೆಂದು ತಿಳಿದು ಬೀಗಿದೆ.

ರಾಯರು ಚಾರ್ಟನ್ನು ಬಹಳ ಹೊತ್ತು ನೋಡಿ ಸಹಿ ಹಾಕಿದರು. ಆಮೇಲೆ ಕನ್ನಡಕ ತೆಗೆದು ಹೇಳಿದರು: "ಪದ್ಮಾ, ಇಪ್ಪತ್ಮೂರನೇ ದಿನ ತಾರಸಿ ಹಾಕಿಸಿದಿ ಅಂದ್ರ, ಡಿಪ್ಲೊಮಾ ಮುಗಿಸಿ ಸೀದಾ ಇಲ್ಲಿಗೆ ಬಾ. ಕುರ್ಚಿ ಹಾಕಸ್ತೀನಿ. ಆಗಲಿಲ್ಲ ಅಂದ್ರ, ಯಾಕ ಆಗಲಿಲ್ಲ ಅಂತ ಸರ್ಟಿಫಿಕೇಟಿನ್ಯಾಗ ಬರೀತೀನಿ."

ಆರು ವಾರದ ತರಬೇತಿಗೇ ನನ್ನನ್ನು ಯಾರೂ ತೆಗೆದುಕೊಳ್ಳದ ಊರಿನಲ್ಲಿ ಒಂದು ಕುರ್ಚಿ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಚಾರ್ಟು ಗಿರಣಿಯ ಗೋಡೆಗೇರಿತು. ದೊಡ್ಡಬಸಪ್ಪನವರು ಅದರ ಮೂಲೆಗೆ ವಿಭೂತಿ ಹಚ್ಚಿ ಕೈಮುಗಿದರು. ಅರವತ್ತರ ಹತ್ತಿರದ ಭಾರೀ ಆಳು, ಮಾತು ಕಡಿಮೆ. ಗಾಡಿಯವರ ಮುಖಂಡ ದುರುಗಪ್ಪ, ಹೆಣ್ಣಾಳುಗಳ ಮುಖಂಡಳು ಎರ್ರಮ್ಮ, ಗೋಡೆ ಕಟ್ಟುವ ಗೌಂಡಿಗಳು, ಎಲ್ಲರೂ ಬಂದು ನೋಡಿ ತಲೆಯಾಡಿಸಿದರು. ತಲೆಯಾಡಿಸಿದ್ದನ್ನು ನಾನು ಒಪ್ಪಿಗೆಯೆಂದು ತಿಳಿದೆ. ಎದುರಿಗಿದ್ದವರ ಮರ್ಯಾದೆಗೂ ಜನ ತಲೆಯಾಡಿಸುತ್ತಾರೆಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಸಿರುಗುಪ್ಪದಲ್ಲಿ ನಮ್ಮ ಸೋದರತ್ತೆ ಶಾಲೆಯ ಟೀಚರಾಗಿದ್ದರು. ಅವರ ಮನೆಯಲ್ಲಿ ನನ್ನ ವಸತಿ. ಮಂಗಳವಾರ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಬಂದರೆ ಶನಿವಾರ ಸಂಜೆಯ ಬಸ್ಸಿಗೆ ಬಳ್ಳಾರಿಗೆ ವಾಪಸು. ಭಾನುವಾರ ಮನೆ, ಸೋಮವಾರ ರಾಯರ ಆಫೀಸಿನಲ್ಲಿ ವಾರದ ವರದಿ. ಹೀಗೆ ಮೂರು ವಾರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗಿತು. ಗೋಡೆ ಮುಗಿಯಿತು, ಹಲಗೆ ಕೂತಿತು, ಕಬ್ಬಿಣ ಕಟ್ಟಿದ್ದಾಯಿತು. ಮೂರನೆಯ ವಾರ ರಾಯರು ಮೊಮ್ಮಗಳ ನಾಮಕರಣಕ್ಕೆಂದು ಮದ್ರಾಸಿಗೆ ಹೊರಟರು. ಇಪ್ಪತ್ತನಾಲ್ಕನೆಯ ದಿನ ನೇರ ಸಿರುಗುಪ್ಪಕ್ಕೇ ಬಂದು ತಾರಸಿ ನೋಡುತ್ತೇನೆಂದು ಹೇಳಿ ಹೋದರು.

ಇಪ್ಪತ್ತೊಂದನೆಯ ದಿನ ಶನಿವಾರ. ಮಧ್ಯಾಹ್ನ ದುರುಗಪ್ಪನನ್ನು ಕರೆದು, ನಾಡಿದ್ದು ಸೂರ್ಯ ಹುಟ್ಟುವುದರೊಳಗೆ ಹತ್ತು ಗಾಡಿ ಬರಬೇಕು, ಆರರಲ್ಲಿ ಹೊಳೆಯ ಮರಳು, ನಾಲ್ಕರಲ್ಲಿ ಪೀಪಾಯಿ ಇಟ್ಟು ಕಾಲುವೆಯ ನೀರು ಎಂದೆ. ದುರುಗಪ್ಪ ತಲೆಯಾಡಿಸಲಿಲ್ಲ. ಟವೆಲು ತೆಗೆದು ಮುಖ ಒರೆಸಿಕೊಂಡ.

"ನಾಡಿದ್ದು ಸೋಮಾರ ಐತ್ರಿ ಅಮ್ಮಾ. ಸೋಮಾರ ಎತ್ತು ಹೂಡಂಗಿಲ್ರಿ."

ಯಾಕೆ ಎಂದು ಕೇಳಿದೆ. ಅವನು ನನ್ನನ್ನು ನೋಡಿದ ರೀತಿಗೆ ನಾನು ಸೂರ್ಯ ಯಾಕೆ ಹುಟ್ಟುತ್ತಾನೆಂದು ಕೇಳಿದಂತಿತ್ತು. ಅದು ಬಸವಣ್ಣನ ವಾರ, ಎತ್ತಿನ ಹೆಗಲಿಗೆ ಅವತ್ತು ನೊಗ ತಾಗಿಸುವುದಿಲ್ಲ, ತನ್ನಪ್ಪ ಹೂಡಿಲ್ಲ, ಅವರಪ್ಪ ಹೂಡಿಲ್ಲ, ಅದರಲ್ಲೂ ಇದು ಕಾರ್ತೀಕದ ಸೋಮವಾರ ಎಂದು ಸಮಾಧಾನದಿಂದಲೇ ತಿಳಿಸಿ ಹೇಳಿದ. ನನ್ನ ಸಿಟ್ಟು ನೆತ್ತಿಗೇರಿತು. ಮೂರು ವಾರದಿಂದ ಗೋಡೆಯ ಮೇಲೆ ಚಾರ್ಟು ತೂಗುತ್ತಿದೆ, ಎಲ್ಲರೂ ನೋಡಿದ್ದೀರಿ, ಒಬ್ಬರಿಗಾದರೂ ಬಾಯಿರಲಿಲ್ಲವೇ ಎಂದು ಕೂಗಾಡಿದೆ.

"ಅದರಾಗ ಸೋಮಾರ ಎಲ್ಲೈತ್ರಿ?" ಎಂದ ದುರುಗಪ್ಪ. "ಬರೇ ಅಂಕಿ ಅದಾವ."

ಹೋಗಿ ನೋಡಿದೆ. ಒಂದರಿಂದ ನಲವತ್ತೆರಡು. ವಾರದ ಹೆಸರು ಒಂದೂ ಇಲ್ಲ. ಮೂರು ವಾರದಲ್ಲಿ ನಾನು ಸಿರುಗುಪ್ಪದ ಒಂದು ಸೋಮವಾರವನ್ನೂ ಕಂಡಿರಲಿಲ್ಲ. ಆ ದಿನಗಳಲ್ಲಿ ಗಾಡಿ ಬಂದಿರಲಿಲ್ಲ ಎಂಬುದು ಗೊತ್ತಾಗಲಿಕ್ಕೆ ನಾನಿಲ್ಲಿ ಇರಬೇಕಿತ್ತಲ್ಲ.

ದೊಡ್ಡಬಸಪ್ಪನವರ ಹತ್ತಿರ ಓಡಿದೆ. ಇಂಜಿನೇರಮ್ಮ ಬರೆದಿದ್ದಾಳೆಂದರೆ ಅವತ್ತಿಗೆ ಲಾರಿ ಗೀರಿ ಗೊತ್ತು ಮಾಡಿರುತ್ತಾಳೆ ಎಂದುಕೊಂಡಿದ್ದರಂತೆ. ಅವರ ಲಾರಿ ಅಕ್ಕಿ ಹೇರಿಕೊಂಡು ಹುಬ್ಬಳ್ಳಿಗೆ ಹೋಗಿತ್ತು, ಗುರುವಾರಕ್ಕೆ ಮುಂಚೆ ಬರುವುದಿಲ್ಲ. ಹತ್ತಿರದಲ್ಲಿದ್ದ ಎರಡು ಟ್ರ್ಯಾಕ್ಟರುಗಳಲ್ಲಿ ಒಂದು ಕೆಟ್ಟು ನಿಂತಿತ್ತು. ಇನ್ನೊಂದರ ಯಜಮಾನನಿಗೂ ದೊಡ್ಡಬಸಪ್ಪನವರಿಗೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಉಳಿದದ್ದು ಒಂದೇ ದಾರಿ, ಕೆಲಸವನ್ನು ಮಂಗಳವಾರಕ್ಕೆ ತಳ್ಳುವುದು. ಆದರೆ ಮಂಗಳವಾರ ಮಿಕ್ಸರ್ ಕುರುಗೋಡಿಗೆ ಹೋಗುತ್ತಿತ್ತು, ಅಲ್ಲಿಂದ ಮುಂದೆ ಹದಿನೈದು ದಿನ ಬೇರೆ ಬೇರೆ ಊರು. ಕುರುಗೋಡಿನವರನ್ನು ಒಪ್ಪಿಸಿ ಸೋಮವಾರ ಅವರು, ಮಂಗಳವಾರ ನಾವು ಎಂದು ಅದಲು ಬದಲು ಮಾಡಿಕೊಂಡರೆ ಒಂದೇ ದಿನದ ಹೊಡೆತ. ಊಟ ಬಿಟ್ಟು ಬಸ್ಸು ಹತ್ತಿದೆ.

ಕುರುಗೋಡಿನಲ್ಲಿ ಕೆಲಸ ಹಿಡಿದವರು ತಿಪ್ಪೇರುದ್ರಪ್ಪ ಎಂಬ ಗುತ್ತಿಗೆದಾರರು. ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತು ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಿದ್ದರು. ನನ್ನ ಮಾತನ್ನೆಲ್ಲ ಕೇಳಿದರು. ಕೇಳುತ್ತ ಕೇಳುತ್ತ ಅವರ ಹೊಟ್ಟೆ ಕುಲುಕತೊಡಗಿತು.

"ಆ ಮಷೀನು ಸೋಮಾರ ಯಾಕ ಖಾಲಿ ಇತ್ತು ಅಂತ ಕೇಳಿದೇನವಾ ಅವರನ್ನ?"

ಕೇಳಿರಲಿಲ್ಲ. ಯಾಕೆಂದು ಆಗ ಹೊಳೆಯಿತು. ಬಳ್ಳಾರಿ ದಾಟಿದರೆ ಸೀಮೆಯಲ್ಲೆಲ್ಲ ಮರಳು ಬರುವುದು ಎತ್ತಿನ ಮೇಲೆ. ಸೋಮವಾರ ಆ ಮಷೀನನ್ನು ಕೇಳುವವರೇ ಇಲ್ಲ. ಯಾರಿಗೂ ಬೇಡವಾದ ದಿನವನ್ನು ನಾನು ಗೆದ್ದು ತಂದೆನೆಂದು ಮೆರೆದಿದ್ದೆ. ತಿಪ್ಪೇರುದ್ರಪ್ಪನವರ ಎತ್ತುಗಳಿಗೂ ಸೋಮವಾರ ಗೊತ್ತಿದ್ದದ್ದರಿಂದ ಅದಲು ಬದಲಿನ ಮಾತು ಅಲ್ಲಿಗೇ ಮುಗಿಯಿತು. ಪಾಪ, ಒಂದು ಪೊಟ್ಟಣ ಮಂಡಕ್ಕಿ ಕಟ್ಟಿಸಿಕೊಟ್ಟರು.

ವಾಪಸು ಬಸ್ಸಿನಲ್ಲಿ ಅಳು ಬಂತು. ಅತ್ತುಬಿಟ್ಟೆ. ಕುರ್ಚಿ ಹೋಯಿತು, ಸರ್ಟಿಫಿಕೇಟಿನಲ್ಲಿ ರಾಯರ ಸುಂದರ ಅಕ್ಷರದಲ್ಲಿ ನನ್ನ ದಡ್ಡತನ ಬರುತ್ತದೆ, ಹುಡುಗಿಗೆ ಯಾಕೆ ಬೇಕಿತ್ತು ಎನ್ನಲು ನಲವತ್ತೊಂದು ಹುಡುಗರು ಕಾದಿದ್ದಾರೆ. ಅತ್ತು ಮುಗಿದ ಮೇಲೆ ಹಸಿವಾಯಿತು. ಮಂಡಕ್ಕಿ ತಿಂದೆ. ಹೊಟ್ಟೆಗೆ ಬಿದ್ದ ಮೇಲೆ ಬುದ್ಧಿ ಸ್ವಲ್ಪ ತಿಳಿಯಾಯಿತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಮೂರು ವಾರದಲ್ಲಿ ನಾನು ದುರುಗಪ್ಪನಿಗೆ ಏನು ಮಾಡಬೇಕೆಂದು ನೂರು ಸಲ ಹೇಳಿದ್ದೆ. ಏನು ಮಾಡಬಹುದು ಎಂದು ಒಂದು ಸಲವೂ ಕೇಳಿರಲಿಲ್ಲ.

ಬಸ್ಸಿಳಿದವಳು ಇನ್ನೂ ಬೆಳಕಿರುವಾಗಲೇ ಅವನ ಮನೆಗೆ ಹೋದೆ. ಎರ್ರಮ್ಮನ ಮನೆ ಅದರ ಪಕ್ಕದಲ್ಲೇ. ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ, ತಪ್ಪು ನನ್ನದು, ಈಗ ದಾರಿ ನೀವು ಹೇಳಬೇಕು ಎಂದೆ. ಆ ಮಾತು ಹೇಳಲು ನನ್ನ ನಾಲಿಗೆ ಎಷ್ಟು ತಿರುಚಿತೆಂದು ನನಗೇ ಗೊತ್ತು. ದುರುಗಪ್ಪ ಎಲೆಯಡಿಕೆ ಮಡಿಚಿ ಬಾಯಿಗಿಟ್ಟುಕೊಂಡು ಲೆಕ್ಕ ಹಾಕಿದ. ನಾಳೆ ಭಾನುವಾರ, ಎತ್ತು ಹೂಡಲು ಅಡ್ಡಿಯಿಲ್ಲ. ಹದಿನಾರು ಗಾಡಿ ಕೂಡಿಸಿದರೆ ಮರಳು ನಾಳೆಯೇ ಬಂದು ಬೀಳುತ್ತದೆ. ಅಂಗಳ ಸಾಲದಿದ್ದರೆ ರಸ್ತೆಯ ಅಂಚಿಗೆ. ಆದರೆ ಒಂದು ದಿನಕ್ಕಾಗುವ ನೀರನ್ನು ಎಲ್ಲಿಡುವುದು?

"ಭತ್ತ ನೆನಿಹಾಕೋ ತೊಟ್ಟಿ ಖಾಲಿ ಬಿದ್ದಾವಲ್ಲ," ಎಂದಳು ಎರ್ರಮ್ಮ.

ಕುಸುಬಲಕ್ಕಿಗೆಂದು ಭತ್ತ ನೆನೆಸುವ ಎರಡು ಸಿಮೆಂಟು ತೊಟ್ಟಿ, ಆಳುದ್ದ ಆಳದವು, ಗಿರಣಿಯ ಹಿಂದೆಯೇ ಇದ್ದವು. ಮೂರು ವಾರ ನಾನು ಅವುಗಳ ಪಕ್ಕದಲ್ಲಿ ಕೂತು ಬುತ್ತಿ ಉಂಡಿದ್ದೆ.

ಭಾನುವಾರ ಊರಿಗೆ ಹೋಗಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹೊಳೆಗೂ ಗಿರಣಿಗೂ ನಡುವೆ ಗಾಡಿಗಳ ಸಾಲು. ದೊಡ್ಡಬಸಪ್ಪನವರು ತೊಟ್ಟಿ ತೊಳೆಸಿ ಕೊಟ್ಟರು. ಕತ್ತಲಾಗುವ ಹೊತ್ತಿಗೆ ಮರಳಿನ ಗುಡ್ಡ ಎದ್ದಿತ್ತು, ಎರಡೂ ತೊಟ್ಟಿ ತುಂಬಿದ್ದವು. ಎತ್ತುಗಳ ಕೊರಳು ಬಿಚ್ಚಿ ದುರುಗಪ್ಪ, ಇನ್ನು ಮಂಗಳವಾರ ಬೆಳಗಿನ ತನಕ ನಮ್ಮನ್ನು ಕೇಳಬೇಡಿರಿ ಎಂದ. ಕೇಳುವುದಿಲ್ಲ ಎಂದು ಮಾತು ಕೊಟ್ಟೆ.

ಸೋಮವಾರ ಏಳು ಗಂಟೆಗೆ ಮಿಕ್ಸರ್ ಗಡಗಡ ಎನ್ನತೊಡಗಿತು. ತಾರಸಿಯ ಕೆಲಸ ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಹಾಕಿದ್ದು ಗಟ್ಟಿಯಾಗಿ, ಆಮೇಲೆ ಹಾಕಿದ್ದು ಅದಕ್ಕೆ ಕೂಡುವುದಿಲ್ಲ, ಮಳೆ ಬಂದಾಗ ಆ ಬಿರುಕಿನಲ್ಲೇ ಸೋರುತ್ತದೆ. ಎರ್ರಮ್ಮನ ಹೆಂಗಸರು ಸಾಲಾಗಿ ನಿಂತು ಕಾಂಕ್ರೀಟು ತುಂಬಿದ ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ, ಹಾಡುತ್ತ, ನಡುನಡುವೆ ನನ್ನ ಮದುವೆಯ ವಿಚಾರ ಕೇಳುತ್ತ ಅರ್ಧ ತಾರಸಿ ಮುಗಿಸಿದರು. ನಾನು ಏಣಿ ಹತ್ತಿ ಇಳಿದು, ಎಲ್ಲ ಸರಿಹೋಯಿತೆಂದು ಮತ್ತೆ ಸ್ವಲ್ಪ ಬೀಗಿದೆ.

ಮಧ್ಯಾಹ್ನ ಒಂದೂವರೆಗೆ ಎರ್ರಮ್ಮ ಕೆಳಗಿನಿಂದ ಕೈಬೀಸಿ ಕರೆದಳು. ಎರಡನೆಯ ತೊಟ್ಟಿಯ ತಳದಲ್ಲಿ ಅಂಗೈಯಷ್ಟು ನೀರೂ ಇರಲಿಲ್ಲ. ಏಳು ತಿಂಗಳು ಬಿಸಿಲಿಗೆ ಒಣಗಿದ್ದ ತೊಟ್ಟಿ ಎಲ್ಲೋ ಸೀಳಿ, ತುಂಬಿದ ನೀರನ್ನೆಲ್ಲ ಎರೆ ಮಣ್ಣಿಗೆ ಕುಡಿಸಿಬಿಟ್ಟಿತ್ತು. ಮೊದಲನೆಯದರಲ್ಲಿ ಇದ್ದದ್ದು ಇನ್ನು ಒಂದು ಗಂಟೆಯ ಕೆಲಸಕ್ಕೆ. ಕಾಲುವೆ ಎರಡು ಫರ್ಲಾಂಗು ದೂರ. ಗಾಡಿಗಳು ಅಂಗಳದಲ್ಲಿದ್ದವು, ಪೀಪಾಯಿಗಳು ಗಾಡಿಯ ಮೇಲಿದ್ದವು. ಎತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು.

ನಾನು ದುರುಗಪ್ಪನ ಕಡೆ ನೋಡಿದೆ. ಅವನು ನೆಲ ನೋಡಿದ. ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ, ಕೇಳಲಿಲ್ಲ. ಬಾಯಿಯೇನೋ ಮುಚ್ಚಿತ್ತು, ಕಣ್ಣು ಕೇಳಿರಬೇಕು.

ದೊಡ್ಡಬಸಪ್ಪನವರು ಗಿರಣಿಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಧೋತರದ ಕಚ್ಚೆ ಬಿಗಿದರು. ಅಂಗಳಕ್ಕೆ ಬಂದು ಒಂದು ಗಾಡಿಯ ಮುಂದಿನ ಮೂಕಿಮರ ಎತ್ತಿ, ನೊಗದ ಎಡಗಡೆಗೆ ತಮ್ಮ ಹೆಗಲು ಕೊಟ್ಟು ನಿಂತರು.

"ಸೋಮಾರ ಎತ್ತಿಗೆ ಐತಿ, ನಮಗಿಲ್ಲ," ಎಂದರು. "ಬಾ ಲೇ ದುರುಗ, ಆ ಕಡಿ ನಿಲ್ಲು."

ಊರಿನ ದೊಡ್ಡ ಗಿರಣಿಯ ಯಜಮಾನರ ಪಕ್ಕದಲ್ಲಿ ನೊಗ ಹೊರುವುದೆಂದರೆ ದುರುಗಪ್ಪನಿಗೆ ಕೈಕಾಲು ಆಡಲಿಲ್ಲ. ಹೋಗಿ ನಿಂತ. ಇಬ್ಬರೂ ಎಳೆದರು. ಜೀವಮಾನವಿಡೀ ಎತ್ತು ಹೊಡೆದವನಿಗೂ ಎತ್ತಾಗುವುದು ಗೊತ್ತಿರಬೇಕೆಂದೇನೂ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಗಾಡಿ ಮೊದಲು ಬೇಲಿಗೆ ನುಗ್ಗಿತು. ಎರ್ರಮ್ಮ ಬಾಂಡ್ಲಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಎಲ್ಲರೂ ನಕ್ಕರು, ದೊಡ್ಡಬಸಪ್ಪನವರೂ ನಕ್ಕರು. ನಗು ಮುಗಿಯುವ ಹೊತ್ತಿಗೆ ಗೌಂಡಿಗಳು, ಗಿರಣಿಯ ಹಮಾಲರು ಉಳಿದ ಗಾಡಿಗಳ ನೊಗಕ್ಕೆ ಹೆಗಲು ಕೊಟ್ಟಿದ್ದರು. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ದೊಡ್ಡಬಸಪ್ಪನವರ ಗಾಡಿಯನ್ನು ಹಿಂದಿನಿಂದ ನೂಕಿದೆ.

ಆರು ಸಲ ಹೋಗಿ ಬಂದೆವು. ಸೂರ್ಯ ಮುಳುಗುವ ಹೊತ್ತಿಗೆ ಕೊನೆಯ ಬಾಂಡ್ಲಿ ಮೇಲೆ ಹೋಯಿತು. ಇಪ್ಪತ್ತಮೂರನೆಯ ದಿನವೇ ತಾರಸಿ ಬಿಗಿಯಾಗಿ ಕೂತಿತು. ನನಗೆ ಕುಣಿಯಬೇಕೆನಿಸಿತು, ಕಾಲು ಮೇಲೇಳಲಿಲ್ಲ.

ತಾರಸಿ ಹಾಕಿದ ದಿನ ಕೆಲಸದವರಿಗೆಲ್ಲ ಯಜಮಾನರ ಮನೆಯ ಊಟ. ದೊಡ್ಡಬಸಪ್ಪನವರ ಹೆಂಡತಿ ಕೊಟ್ರಬಸಮ್ಮ ಗೋಧಿ ಹುಗ್ಗಿಯ ಕೊಪ್ಪರಿಗೆ ಹೊರಿಸಿಕೊಂಡು ಬಂದರು. ಎಲ್ಲರೂ ಕೂತರು, ದೊಡ್ಡಬಸಪ್ಪನವರು ಮಾತ್ರ ಕೂರಲಿಲ್ಲ. ಅವರೂ ಉಣ್ಣಬಾರದೇ ಎಂದು ನಾನು ಉಪಚಾರ ಮಾಡಿದೆ.

"ಕಾರ್ತೀಕ ಸೋಮಾರ ಒಪ್ಪತ್ತು ಇರ್ತಾರವಾ," ಎಂದರು ಕೊಟ್ರಬಸಮ್ಮ. "ಗುಡಿಗೆ ಹೋಗಿ ದೀಪ ಹಚ್ಚಿ ಬಂದ ಮ್ಯಾಲೇ ಊಟ. ಮುಂಜಾನಿಂದ ಬಾಯಾಗ ನೀರು ಬಿಟ್ರ ಏನೂ ಇಲ್ಲ."

ಕೈಯಲ್ಲಿದ್ದ ಹುಗ್ಗಿಯ ತುತ್ತನ್ನು ಎಲೆಗೇ ಇಳಿಸಿದೆ. ಆರು ಸಲ ಆ ಗಾಡಿಯ ಹಿಂದೆ ಇದ್ದವಳು ನಾನು.

ಅಷ್ಟು ಹೊತ್ತಿಗೆ ದೊಡ್ಡಬಸಪ್ಪನವರು ಚಾರ್ಟಿನ ಮುಂದೆ ನಿಂತು ನನ್ನನ್ನು ಕರೆದರು. ಬಹಳ ದಿನದಿಂದ ಕೇಳಬೇಕೆಂದಿದ್ದರಂತೆ. ಹದಿನಾಲ್ಕನೆಯ ದಿನದ ಕೆಳಗೆ ಒಂದು ಗೆರೆಯೂ ಇಲ್ಲ, ಇಪ್ಪತ್ತೆಂಟನೆಯ ದಿನದ ಕೆಳಗೂ ಇಲ್ಲ. ಎರಡೂ ಬೆಳ್ಳಗೆ ಖಾಲಿ. ಬರೆಯುವಾಗ ಮಸಿ ಮುಗಿದಿತ್ತೋ, ಏನಾದರೂ ಅರ್ಥವಿದೆಯೋ?

ಅರ್ಥವಿತ್ತು. ಅವೆರಡೂ ಏಕಾದಶಿ. ನಮ್ಮ ಮನೆಯಲ್ಲಿ ಅವತ್ತು ಒಲೆಯ ಮೇಲೆ ಅನ್ನವಿಡುವುದಿಲ್ಲ, ನನಗೂ ಉಪವಾಸ. ಹಸಿದ ಹೊಟ್ಟೆಯಲ್ಲಿ ಬಿಸಿಲಿಗೆ ನಿಂತು ಕೆಲಸ ನೋಡುವುದು ಕಷ್ಟವೆಂದು, ಪಂಚಾಂಗ ನೋಡಿ, ಯೋಚನೆ ಸಹ ಮಾಡದೆ, ಆ ಎರಡು ದಿನ ಯಾವ ಕೆಲಸವನ್ನೂ ಹಾಕಿರಲಿಲ್ಲ.

ಹೇಳಿದೆ. ಸುಳ್ಳು ಹೇಳಬಹುದಿತ್ತು, ಅದಕ್ಕೂ ತಲೆ ಓಡಲಿಲ್ಲ. ಬೈಯುತ್ತಾರೆಂದು ಕಾದೆ. ಅವರು ಚಾರ್ಟನ್ನೇ ನೋಡುತ್ತ ತಲೆಯಾಡಿಸಿದರು.

"ಖರೆ ಐತಿ ತಂಗಿ. ಉಪಾಸ ಇದ್ದಾಗ ಕೆಲಸ ಆಗಂಗಿಲ್ಲ."

ಅದರಲ್ಲಿ ಕೊಂಕು ಇದ್ದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಇರಲಿಲ್ಲ. ಅಂಗಿ ಹೆಗಲಿಗೆ ಹಾಕಿಕೊಂಡು ದೀಪ ಹಚ್ಚಲು ಗುಡಿಗೆ ಹೋದರು. ಹುಟ್ಟಿದಾಗಿನಿಂದ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಮಂಗಳವಾರ ರಾಯರು ಬಂದರು. ಏಣಿ ಹತ್ತಿ ತಾರಸಿಯ ಅಂಚಿನಲ್ಲಿ ನಿಂತು, ಕೋಲಿನಿಂದ ಅಲ್ಲಲ್ಲಿ ತಟ್ಟಿ, ಇಳಿದು ಬಂದು ಚಾರ್ಟಿನ ಇಪ್ಪತ್ತಮೂರನೆಯ ದಿನದ ಮೇಲೆ ಬೆರ‍ಳಿಟ್ಟು ನನ್ನ ಬೆನ್ನು ತಟ್ಟಿದರು. ಬರೆದದ್ದು ಬರೆದ ದಿನವೇ ಆಗಿದೆ, ಮೂವತ್ತು ವರ್ಷದ ನೌಕರಿಯಲ್ಲಿ ಇದನ್ನು ನೋಡಿರಲಿಲ್ಲ ಎಂದರು. ಕುರ್ಚಿಗೆ ಈ ವಾರವೇ ಬಡಗಿಗೆ ಹೇಳುತ್ತೇನೆಂದರು. ಆಗ ದೊಡ್ಡಬಸಪ್ಪನವರು ಹೊರಗೆ ಬಂದರು. ಎಡ ಹೆಗಲ ಮೇಲೆ ಅಂಗೈಯಗಲ ಬಾವು, ಅದರ ಮೇಲೆ ದಪ್ಪಗೆ ಅರಿಶಿನ. ರಾಯರು ಗಾಬರಿಯಿಂದ ಏನಾಯಿತೆಂದು ಕೇಳಿದರು. ದೊಡ್ಡಬಸಪ್ಪನವರು ನನ್ನ ಕಡೆ ಒಂದು ಸಲ ನೋಡಿ, ಬಾಗಿಲು ಬಡಿಯಿತು ಎಂದುಬಿಟ್ಟರು.

ಅಲ್ಲಿಗೇ ಮುಗಿಯುತ್ತಿತ್ತು. ಕುರ್ಚಿ ನನ್ನದಾಗಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬಾಯಿ ಮುಚ್ಚಿಕೊಳ್ಳುವುದು ನನಗೆ ಯಾವತ್ತೂ ಬಂದಿಲ್ಲ.

"ಬಾಗಿಲಲ್ಲ ಸರ್," ಎಂದೆ. "ನೊಗ. ನಾನು ಹೂಡಿಸಿದ್ದು."

ಎಲ್ಲ ಹೇಳಿದೆ. ಸೋಮವಾರ, ಕುರುಗೋಡು, ತೊಟ್ಟಿ, ಒಪ್ಪತ್ತಿನ ಹೊಟ್ಟೆಯಲ್ಲಿ ಅವರು ಎಳೆದ ಆರು ಗಾಡಿ, ಕೊನೆಗೆ ಆ ಎರಡು ಬಿಳಿ ಸಾಲು. ಚಾರ್ಟಿನ ಪ್ರಕಾರ ತಾರಸಿ ಆಗಲಿಲ್ಲ, ಚಾರ್ಟಿದ್ದರೂ ಆಯಿತು ಎಂದೆ. ಸರ್ಟಿಫಿಕೇಟಿನಲ್ಲಿ ಬರೆಯುವುದಿದ್ದರೆ ಬರೆಯಿರಿ ಎಂದೂ ಹೇಳಿದೆ.

ರಾಯರು ದೊಡ್ಡಬಸಪ್ಪನವರ ಕಡೆ ತಿರುಗಿದರು, ನನ್ನ ಕಡೆಗಲ್ಲ.

"ಸಹಿ ಹಾಕೋ ಮುಂದ ಆ ಎರಡು ಖಾಲಿ ಜಾಗ ನಾನೂ ನೋಡಿದ್ದೆ ಯಜಮಾನರ. ಏಕಾದಶಿ ಬಿಟ್ಟಾಳ, ಶಾಣ್ಯಾ ಹುಡುಗಿ ಅಂತ ಮನಸ್ಸಿನ್ಯಾಗ ಮೆಚ್ಚಿಕೊಂಡೆ. ನಿಮ್ಮ ಸೋಮವಾರ ನನಗೂ ನೆನಪಾಗಲಿಲ್ಲ. ಮೂವತ್ತು ವರ್ಷ ಈ ಜಿಲ್ಲಾದಾಗ ಕೆಲಸ ಮಾಡೀನಿ."

ಕಿಸೆಯಿಂದ ಪೆನ್ನು ತೆಗೆದು ಚಾರ್ಟಿನ ಮೂಲೆಯಲ್ಲಿದ್ದ ತಮ್ಮ ಸಹಿಯನ್ನು ಹೊಡೆದುಹಾಕಿದರು. ಪೆನ್ನನ್ನು ನನ್ನ ಕೈಗಿತ್ತು, ಈ ಚಾರ್ಟಿನಲ್ಲಿ ಸೋಮವಾರ ಹಾಕು ಎಂದರು. ಕುರ್ಚಿಯ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಒಂದು ಷರತ್ತು ಮಾತ್ರ ಸೇರಿಸಿದರು. ಇನ್ನು ಮುಂದೆ ಆಫೀಸಿನ ಯಾವ ಚಾರ್ಟೇ ಆಗಲಿ, ನನ್ನ ಗೆರೆ ಬೀಳುವ ಮುಂಚೆ ಗಾಡಿಯವರನ್ನೂ ಹೆಣ್ಣಾಳುಗಳನ್ನೂ ಕೂರಿಸಿ ಅವರ ದಿನಗಳನ್ನು ಕೇಳಬೇಕು, ಕೇಳಿ ಬಂದದ್ದಕ್ಕೆ ಸಾಕ್ಷಿಯಾಗಿ ಅವರ ಹೆಬ್ಬೆಟ್ಟೋ ಸಹಿಯೋ ಹಾಕಿಸಬೇಕು.

ಪೆನ್ನಿನಿಂದ ಗೆರೆ ಅಳಿಯುವುದಿಲ್ಲವೆಂದು ನಾನು ಸುಣ್ಣದ ಕುಂಚ ತರಿಸಿ ಒಂದೊಂದೇ ಸೋಮವಾರವನ್ನು ಬೆಳ್ಳಗೆ ಮಾಡತೊಡಗಿದೆ. ಎರಡು, ಒಂಬತ್ತು, ಹದಿನಾರು. ಇಪ್ಪತ್ತಮೂರಕ್ಕೆ ಬಂದಾಗ ಕೈ ನಿಂತಿತು. ಅಲ್ಲಿ ತಾರಸಿಯ ದಪ್ಪ ಕಪ್ಪು ಗೆರೆಯಿತ್ತು. ಹಿಂದೆ ನಿಂತು ನೋಡುತ್ತಿದ್ದ ದೊಡ್ಡಬಸಪ್ಪನವರು ಹೆಗಲು ಸವರಿಕೊಂಡು ನಕ್ಕರು.

"ಅದು ಇರಲಿ ಬಿಡವಾ. ಅವತ್ತು ಎತ್ತು ಯಾವೂ ದುಡಿದಿಲ್ಲ."

ಬಿಟ್ಟೆ. ಉಳಿದ ಎರಡು ಸೋಮವಾರಗಳಿಗೂ ಸುಣ್ಣ ಬಳಿದು ಕೆಳಗೆ ನನ್ನ ಹೆಸರು ಬರೆದೆ. ದುರುಗಪ್ಪ ಕೈ ಒರೆಸಿಕೊಂಡು ಬಂದು ಅದರ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದ.